ಸೊನ್ನೆ ಟಿಕೆಟ್

ಡಿಪೋದಲ್ಲಿ ಕ್ಯಾಶ್ ಕಟ್ಟಿ ಮನೆಗೆ ಬಂದಾಗ ಒಂಬತ್ತೂಮುಕ್ಕಾಲು.
ಅರ್ಪಿತಾ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ
ಐದು ದೇಶ ಹರಡಿಕೊಂಡು ಕೂತಿದ್ದಾಳೆ
ನನ್ನ ಹಳೇ ಟ್ರಿಪ್ ಶೀಟಿನ ಹಿಂಬದಿಯಲ್ಲಿ.
ಆ ಮಗ್ಗುಲಿಗೆ ಮೆಜೆಸ್ಟಿಕ್, ಬಿನ್ನಿಮಿಲ್, ಬ್ಯಾಟರಾಯನಪುರ.
ಈ ಮಗ್ಗುಲಿಗೆ ಮೆಲ್ಬರ್ನ್, ಡಬ್ಲಿನ್.

"ಕೂತ್ಕೋ ಅಮ್ಮ, ಲೆಕ್ಕ ನಿಂಗೆ ಬೇಗ ಬರತ್ತೆ."

ಬರತ್ತೆ. ಇಪ್ಪತ್ತೆರಡು ವರ್ಷ ನಿಂತೇ ಲೆಕ್ಕ ಮಾಡಿದವಳು ನಾನು,
ಬ್ರೇಕಿಗೆ ಮುಗ್ಗರಿಸದಂತೆ ಕಂಬಿಗೆ ಮೊಣಕೈ ಕೊಟ್ಟು
ಐನೂರರ ನೋಟಿಗೆ ಚಿಲ್ಲರೆ ಎಣಿಸಿದವಳು.

ಮೆಲ್ಬರ್ನ್: ಎರಡು ವರ್ಷಕ್ಕೆ ಐವತ್ತೈದು ಲಕ್ಷ.
"ಇದು ವೋಲ್ವೋ" ಅಂದೆ. ನಕ್ಕಳು.
ಡಬ್ಲಿನ್: ಫೀಸು ಅದರ ಅರ್ಧ. ಆದರೆ
ಈ ಮನೆಯ ಹತ್ತು ತಿಂಗಳ ಬಾಡಿಗೆ
ಅಲ್ಲಿ ಒಂದು ಮಂಚಕ್ಕೆ, ಒಂದು ತಿಂಗಳಿಗೆ.
ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಮಲೇಷ್ಯಾ ಅಗ್ಗ; ಅವಳಿಗೆ ಬೇಕಾದ ಕೋರ್ಸು ಹೋದ ವರ್ಷ ನಿಂತಿತಂತೆ.
ಕೊನೆಯ ಸಾಲಲ್ಲಿ, ಸಣ್ಣ ಅಕ್ಷರದಲ್ಲಿ, ಜ್ಞಾನಭಾರತಿ:
ನಮ್ಮ ಬಸ್ಸು ಗೇಟಿಗೇ ನಿಲ್ಲುತ್ತೆ,
ನನ್ನ ಒಂದು ತಿಂಗಳ ಸಂಬಳ ಸಾಕು.

ನಡುವೆ ಜರ್ಮನಿ. ಫೀಸು ಅನ್ನೋ ಕಡೆ ಸೊನ್ನೆ.

ಸೊನ್ನೆ ನಂಗೆ ಚೆನ್ನಾಗಿ ಗೊತ್ತು.
ದಿನವಿಡೀ ಹೆಂಗಸರ ಕೈಗೆ ಸೊನ್ನೆ ಹರಿದು ಹರಿದು ಕೊಡ್ತೀನಿ.
ಕಾಸು ಬೇಡ, ಕಾರ್ಡು ತೋರಿಸಬೇಕು.
ಚೆಕಿಂಗಿನವರು ಹತ್ತಿದರೆ ಸೊನ್ನೆಗೂ ಲೆಕ್ಕ ಕೇಳ್ತಾರೆ.
ಸೊನ್ನೆ ಅಂದರೆ ಬಿಟ್ಟಿ ಅಲ್ಲ ಕಣೇ, ಯಾರೋ ಎಲ್ಲೋ ಕಟ್ಟಿರ್ತಾರೆ.
"ನಿನ್ನ ಜರ್ಮನಿಯವರು ಏನು ತೋರಿಸು ಅಂತಾರೆ?"

ಹನ್ನೆರಡು ಲಕ್ಷದಷ್ಟು ಒಂದು ಖಾತೇಲಿಟ್ಟು ಬೀಗ ಹಾಕಬೇಕಂತೆ.
ಅವಳ ದುಡ್ಡನ್ನೇ ಅವಳಿಗೆ ತಿಂಗಳು ತಿಂಗಳು ಬಿಡ್ತಾರಂತೆ,
ಅತ್ತೆ ಸಕ್ಕರೆ ಡಬ್ಬದ ಮುಚ್ಚಳ ತೆಗೆದ ಹಾಗೆ.

ಆಮೇಲೆ ಕಂಡಿತು, ಅಂಚಿನಲ್ಲಿ, ಪೆನ್ಸಿಲ್ಲಲ್ಲಿ ಇನ್ನೊಂದು ಕಾಲಮ್ಮು.
ತಲೆಬರಹ: ಡ.ಡ್ಯೂ.
ಜ್ಞಾನಭಾರತಿ ಇಪ್ಪತ್ತೇಳು. ಜರ್ಮನಿ ಎಂಟುನೂರು.
ಮೆಲ್ಬರ್ನ್ ಮೂರು ಸಾವಿರದ ಆರುನೂರ ಅರವತ್ತೇಳು.
"ಏನಿದು?"
"ನಿನ್ನ ಡಬಲ್ ಡ್ಯೂಟಿ. ಒಂದಕ್ಕೆ ಸಾವಿರದೈನೂರು ಹಿಡಿದಿದೀನಿ."
ಅಷ್ಟು ಬರೋದಿಲ್ಲ. ಹೇಳಲಿಲ್ಲ.
ಕಂಡಕ್ಟರಿಗೆ ಟಿಕೆಟ್ ಇರಲ್ಲ ಅಂತ ಗದರಿ
ಆ ಕಾಲಮ್ಮಿಗೆ ಉದ್ದಕ್ಕೆ ಗೀಟು ಹೊಡೆದೆ.
ಗೀಟಿನ ಕೆಳಗೂ ಅಂಕಿ ಓದಬಹುದಿತ್ತು.

ಇದೆಲ್ಲ ಶುರುವಾಗಿದ್ದು ನಾಯಂಡಹಳ್ಳಿ ದಾಟುವಾಗ.
ಐದು ವರ್ಷದವಳು, ಸ್ಕೂಲಿಗೆ ರಜೆ, ಬಾನೆಟ್ಟಿನ ಮೇಲೆ ಕೂತಿದ್ದಳು.
ಬಸ್ಸಿನ ತುಂಬ ಎಲ್ಲರೂ ಮೂಗಿಗೆ ಸೆರಗು, ಕರ್ಚೀಫು.
"ಇದು ಮೋರಿನಾ, ಹೊಳೆನಾ?"
"ಮೊದಲು ಹೊಳೆ ಮಗ, ಈಗ ಮೋರಿ" ಅಂದ ಡ್ರೈವರ್ ಮರಿಸ್ವಾಮಿ.
"ಮತ್ತೆ ಹೊಳೆ ಯಾವಾಗ?"
ಅವನು ಗೇರು ಬದಲಿಸಿದ. ನಾನು ಚಿಲ್ಲರೆ ಎಣಿಸಿದೆ.
ನೀರು ತೊಳೆಯೋ ಓದಂತೆ ಅದು.
ಆ ಪ್ರಶ್ನೆಗೆ ಎಲ್ಲಿ ಎಷ್ಟು ಬೆಲೆ ಅಂತ
ಈಗ ದೇಶ ದೇಶ ವಿಚಾರಿಸ್ತಾ ಇದೀವಿ.

ಮಲಗುವಾಗ ಹೇಳಿದಳು,
ಸೊನ್ನೆಗೆ ಅಲ್ಲಿ ನುಲ್ ಅಂತಾರಂತೆ.

ಬೆಳಗಿನ ಮೊದಲ ಟ್ರಿಪ್ಪು, ಐದೂನಲವತ್ತು.
ಬ್ಯಾಗಲ್ಲಿ ಸೊಸೈಟಿ ಸಾಲದ ಅರ್ಜಿ, ಇನ್ನೂ ಖಾಲಿ.
ಕತ್ತಲಲ್ಲಿ ಹೊಳೆ ಹರೀತಾ ಇತ್ತು, ನೊರೆ ಮಾತ್ರ ಬೆಳ್ಳಗೆ.
ಹೂವಿನ ಬುಟ್ಟಿಯವಳು ಹತ್ತಿ "ಒಂದು ಮಾರ್ಕೆಟ್" ಅಂದಳು.
ಹರಿದು ಕೊಟ್ಟೆ, ಮನಸ್ಸಲ್ಲೇ ಅಂದೆ: ನುಲ್.
"ಏನಮ್ಮ?" ಅಂದಳು.
ಬಾಯಿಬಿಟ್ಟೇ ಅಂದಿರಬೇಕು.
"ಏನಿಲ್ಲ, ಮುಂದೆ ಹೋಗಿ" ಅಂದೆ,
"ಮುಂದೆ ಜಾಗ ಇದೆ."